ಒಂದು ಜೊತೆ ಹೆಚ್ಚು

ಅಥವಾ ಹನ್ನೆರಡು ಜೊತೆ ಇರಲಿಲ್ಲವೇನೋ, ಹದಿನಾಲ್ಕಿತ್ತೇನೋ. ಆ ಬೂಟುಗಳನ್ನು ನೆನೆಸಿಕೊಂಡರೆ ಮೊದಲು ಬರುವುದು ಸಾಲು, ಆಮೇಲೆ ಬಿಳಿ ಬಣ್ಣ, ಆಮೇಲೆ ಒದ್ದೆ ಕಾಲುಚೀಲದ ವಾಸನೆ. ಸಂಖ್ಯೆ ಬರುವುದೇ ಇಲ್ಲ. ಸಂಖ್ಯೆಯೇ ಮುಖ್ಯವಾಗಿದ್ದ ಕಡೆ ಸಂಖ್ಯೆಯನ್ನೇ ಮರೆತಿದ್ದೇನೆ ಅಂದಮೇಲೆ ಉಳಿದದ್ದನ್ನು ಎಷ್ಟು ನಂಬಬೇಕು ಅನ್ನುವುದನ್ನು ಓದುವವರೇ ನಿರ್ಧರಿಸಲಿ.

ಸಾಲು ಇದ್ದದ್ದಂತೂ ನಿಜ. ಗುರುಗ್ರಾಮ ದಾಟಿ, ಮಾನೇಸರ್‌ನ ಕಾರ್ಖಾನೆಗಳನ್ನೂ ದಾಟಿ ಹೋದರೆ ಕುರುಚಲು ಗುಡ್ಡಗಳ ನಡುವೆ ಏರಿ ಕಟ್ಟಿ ನೀರು ನಿಲ್ಲಿಸಿದ ಒಂದು ಕೆರೆ. ಶನಿವಾರ ಶನಿವಾರ ನಮ್ಮ ಶಾಲೆಯ ಕೆಲವು ಮಕ್ಕಳನ್ನು ಹಾಯಿದೋಣಿ ನಡೆಸುವುದನ್ನು ಕಲಿಸಲು ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಕಲಿಸುತ್ತಿದ್ದವರು ನೌಕಾಪಡೆಯಿಂದ ನಿವೃತ್ತರಾದ, ಹರಿಯಾಣದ ಒಬ್ಬರು. ನಾವು ಸರ್ ಅನ್ನುತ್ತಿದ್ದೆವು. ಅವರದ್ದು ಒಂದು ಕಟ್ಟುನಿಟ್ಟು ಇತ್ತು: ನೀರಿಗಿಳಿಯುವ ಪ್ರತಿಯೊಬ್ಬರೂ ಬೂಟು ಬಿಚ್ಚಿ, ಮೂತಿ ನೀರಿನ ಕಡೆಗೆ ಮಾಡಿ, ದಂಡೆಯ ಮೇಲೆ ಸಾಲಾಗಿ ಇಡಬೇಕು. ಮೇಲೆ ಬಂದವರು ಮೊದಲು ಮಾಡಬೇಕಾದ ಕೆಲಸ ಬೂಟು ಹಾಕಿಕೊಳ್ಳುವುದು. ಹೆಸರು ಕೂಗಿ ಹಾಜರಿ ತೆಗೆಯುವುದರಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. ಒಬ್ಬರ ಬದಲು ಇನ್ನೊಬ್ಬರು ‘ಪ್ರೆಸೆಂಟ್’ ಅಂದುಬಿಡುತ್ತಾರೆ. ‘ಜೂತೇ ಝೂಟ್ ನಹೀ ಬೋಲ್ತೇ’ ಅನ್ನುತ್ತಿದ್ದರು. ಬೂಟು ಸುಳ್ಳು ಹೇಳುವುದಿಲ್ಲ. ದಂಡೆಯಲ್ಲಿ ಎಷ್ಟು ಜೊತೆ ಉಳಿದಿದೆಯೋ ಅಷ್ಟು ಮಕ್ಕಳು ಇನ್ನೂ ನೀರಿನಲ್ಲಿದ್ದಾರೆ.

ಸುಳ್ಳು ಹೇಳಿದ್ದವಳು ನಾನು.

ಅಪ್ಪನಿಗೆ ಚಿತ್ರದುರ್ಗದಿಂದ ದೆಹಲಿಗೆ ವರ್ಗವಾದದ್ದು ಶಾಲೆ ಶುರುವಾಗಿ ಎರಡು ತಿಂಗಳಾದ ಮೇಲೆ. ಅಮ್ಮ ಬ್ಯಾಂಕಿನಲ್ಲಿದ್ದಳು, ಅವಳ ವರ್ಗಾವಣೆ ಮಾರ್ಚಿಗೆ ಮುಂಚೆ ಆಗುವುದಿಲ್ಲ ಅಂದರು. ಈಗಲೇ ಸೇರಿಸಿಬಿಟ್ಟರೆ ಮುಂದಿನ ವರ್ಷ ಸೀಟಿನ ತಾಪತ್ರಯ ಇರುವುದಿಲ್ಲ ಎಂದು ಅಪ್ಪ ನನ್ನನ್ನು ಜೊತೆಗೆ ಕರೆತಂದರು. ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಒಂದು ಗ್ಯಾಸ್ ಒಲೆ, ಮಾತು ಕಡಿಮೆಯ ಅಪ್ಪ, ಏಳನೆಯ ತರಗತಿಯ ನಾನು.

ಶಾಲೆಯಲ್ಲಿ ಶನಿವಾರ ಆಕ್ಟಿವಿಟಿ ದಿನ. ಕ್ರಿಕೆಟ್ಟು, ಡ್ಯಾನ್ಸು, ನಾಟಕ ಎಲ್ಲವೂ ಏಪ್ರಿಲ್‌ನಲ್ಲೇ ತುಂಬಿಹೋಗಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದ ಮೇಡಂ ರಿಜಿಸ್ಟರಿನ ಮೇಲೆ ಪೆನ್ನು ಆಡಿಸುತ್ತ, ‘ಸಬ್ ಫುಲ್ ಹೈ ಬೇಟಾ. ಯಾ ಸೇಲಿಂಗ್, ಯಾ ಲೈಬ್ರರಿ’ ಅಂದರು. ಒಂದೋ ಹಾಯಿದೋಣಿ, ಇಲ್ಲವೇ ಲೈಬ್ರರಿ. ಸೇಲಿಂಗಿನಲ್ಲಿ ಯಾರೋ ಬಿಟ್ಟುಹೋಗಿದ್ದರಿಂದ ಒಂದು ಜಾಗ ಖಾಲಿ ಇತ್ತು. ಲೈಬ್ರರಿ ನನಗೆ ಗೊತ್ತಿತ್ತು. ಸೇರಿದ ದಿನದಿಂದ ಊಟದ ಡಬ್ಬಿ ಬಿಚ್ಚುತ್ತಿದ್ದದ್ದು ಅದರ ಹೊರಗಿನ ಬೆಂಚಿನ ಮೇಲೆಯೇ, ಒಬ್ಬಳೇ.

‘ತೈರ್ನಾ ಆತಾ ಹೈ ನಾ?’ ಅಂದರು ಮೇಡಂ.

ನಾನು ತಲೆಯಾಡಿಸಿದೆ. ನನಗೆ ಆಗ ಹಿಂದಿ ಬರುತ್ತಿರಲಿಲ್ಲ, ಪ್ರಶ್ನೆ ಅರ್ಥವಾಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಹಿಂದೊಮ್ಮೆ ಗೆಳತಿಯೊಬ್ಬಳಿಗೆ ಹಾಗೇ ಹೇಳಿದ್ದೂ ಉಂಟು. ಆದರೆ ಅರ್ಥವಾಗಿತ್ತು. ಈಜು ಬರುತ್ತದೆಯಾ ಎಂದು ಕೇಳಿದರು, ಬರುತ್ತದೆ ಎಂದು ತಲೆಯಾಡಿಸಿದೆ. ನಾನು ಅಲ್ಲಿಯವರೆಗೆ ಸೊಂಟದ ಮಟ್ಟದ ನೀರಿನಲ್ಲೂ ನಿಂತವಳಲ್ಲ.

ಮನೆಗೆ ಫಾರ್ಮ್ ಕೊಟ್ಟು ಕಳಿಸಿದರು. ಅಪ್ಪ ಊಟವಾದ ಮೇಲೆ ತಟ್ಟೆ ಸರಿಸಿ, ಕನ್ನಡಕ ಹಾಕಿಕೊಂಡು, ಕಚೇರಿಯ ಕಡತವನ್ನು ಓದುವಂತೆ ಮೇಲಿನಿಂದ ಕೆಳಗೆ ಓದಿದರು.

‘ಈಜು ಬರುತ್ತಾ ನಿಂಗೆ?’

‘ಬರುತ್ತೆ.’

‘ಯಾವಾಗ ಕಲಿತೆ?’

‘ದುರ್ಗದಲ್ಲಿ. ಸ್ಕೂಲಿಂದ ಕರ್ಕೊಂಡು ಹೋಗಿದ್ರು.’

ದುರ್ಗದ ಶಾಲೆಗೆ ನನ್ನನ್ನು ಆರು ವರ್ಷ ಸ್ಕೂಟರಿನಲ್ಲಿ ಬಿಟ್ಟುಬಂದವರು ಅವರೇ. ಆ ಶಾಲೆಯಲ್ಲಿ ಕುಡಿಯುವ ನೀರಿನ ತೊಟ್ಟಿಯೊಂದನ್ನು ಬಿಟ್ಟರೆ ಬೇರೆ ನೀರಿರಲಿಲ್ಲ. ಅಪ್ಪ ನನ್ನನ್ನು ನೋಡಿದರೋ ಫಾರ್ಮನ್ನು ನೋಡಿದರೋ ನೆನಪಿಲ್ಲ. ‘ಅಚ್ಛಾ’ ಅಂದರು. ಎರಡೇ ತಿಂಗಳಿಗೆ ಕಚೇರಿಯಿಂದ ಅವರ ಬಾಯಿಗೆ ಅಂಟಿಕೊಂಡಿದ್ದ ಮಾತು ಅದು. ಏನೋ ಬರೆದರು, ಸಹಿ ಹಾಕಿದರು, ಮಾರನೆಯ ದಿನ ಕಚೇರಿಗೆ ಒಯ್ದು ಜೆರಾಕ್ಸ್ ಮಾಡಿಸಿ ತಂದರು. ಜೆರಾಕ್ಸ್ ತೆಗೆಯದೆ ಅಪ್ಪ ಯಾವ ಕಾಗದವನ್ನೂ ಯಾರ ಕೈಗೂ ಕೊಟ್ಟವರಲ್ಲ. ಅವರು ಬರೆದದ್ದನ್ನು ನಾನು ಓದಲಿಲ್ಲ. ಸಹಿ ಇದೆಯೋ ಇಲ್ಲವೋ ಅಷ್ಟೇ ನೋಡಿ ಮೇಡಂ ಕೈಗೆ ಕೊಟ್ಟೆ.

ಬಸ್ಸು ಬೆಳಿಗ್ಗೆ ಆರಕ್ಕೆ. ಅಪ್ಪ ಐದಕ್ಕೇ ಎದ್ದು ಉಪ್ಪಿಟ್ಟು ಕೆದಕಿ ಡಬ್ಬಿಗೆ ತುಂಬುತ್ತಿದ್ದರು. ಪ್ರತಿ ಶನಿವಾರವೂ ಉಪ್ಪಿಟ್ಟೇ, ಪ್ರತಿ ಶನಿವಾರವೂ ಉಪ್ಪು ಒಂದು ಚಿಟಿಕೆ ಹೆಚ್ಚು ಅಥವಾ ಕಡಿಮೆ. ನನ್ನನ್ನು ಎಂಟನೆಯ ತರಗತಿಯ ಒಬ್ಬಳ ದೋಣಿಗೆ ಹಾಕಿದ್ದರು. ಒಂದು ದೋಣಿಗೆ ಇಬ್ಬರು. ಅವಳು ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಳು, ಮಾತು ನಿಲ್ಲಿಸುತ್ತಿರಲಿಲ್ಲ.

‘ತೂ ರೋಜ್ ಇಡ್ಲಿ ಖಾತೀ ಹೈ ಕ್ಯಾ, ಮದ್ರಾಸಿ?’

‘ಇಲ್ಲ. ಉಪ್ಪಿಟ್ಟು.’

‘ವೋ ಕ್ಯಾ ಹೋತಾ ಹೈ?’

‘ಉಪ್ಮಾ.’

‘ಸೇಮ್ ಥಿಂಗ್’ ಎಂದು ನನ್ನ ಡಬ್ಬಿಯಿಂದ ಅರ್ಧ ತಿಂದಳು. ಮುಖ ಕಿವಿಚಿದಳು. ಉಳಿದರ್ಧವನ್ನೂ ತಿಂದಳು. ಅವಳು ನನ್ನ ಹೆಸರು ಕೇಳಲಿಲ್ಲ. ತರಗತಿಯಲ್ಲಿಯೂ ಯಾರೂ ಕೇಳಿರಲಿಲ್ಲ. ಮದ್ರಾಸಿ ಎಂಬುದರಲ್ಲಿ ಎಲ್ಲರ ಕೆಲಸವೂ ಆಗುತ್ತಿತ್ತು.

ಮೊದಲ ದಿನ ಚುಕ್ಕಾಣಿ ಹಿಡಿದವಳು ಅವಳೇ. ‘ತೂ ಬೋರಿ ಹೈ’ ಅಂದಳು. ನೀನು ಮೂಟೆ. ನನ್ನ ಕೆಲಸ ತೂಕವಾಗಿರುವುದು: ಹಾಯಿ ಒಂದು ಕಡೆ ವಾಲಿದಾಗ ನಾನು ಇನ್ನೊಂದು ಕಡೆಯ ಅಂಚಿನ ಮೇಲೆ ಕೂರುವುದು, ಅವಳು ಕೂಗಿದಾಗ ತಲೆ ತಗ್ಗಿಸುವುದು. ಹಾಯಿಯ ಕೆಳಗಿನ ಅಡ್ಡಕೋಲು ಈ ಕಡೆಯಿಂದ ಆ ಕಡೆಗೆ ಬೀಸಿ ಬರುತ್ತದೆ. ತಗ್ಗಿಸದಿದ್ದರೆ ತಲೆಗೆ ಬೀಳುತ್ತದೆ. ಮೂರು ಸಲ ಬಿತ್ತು. ಮೂರನೆಯ ಶನಿವಾರ ಸರ್ ನನ್ನ ಕೈಗೆ ಚುಕ್ಕಾಣಿ ಕೊಡಿಸಿದರು. ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೊರಳುತ್ತದೆ. ಗಾಳಿ ಬರುವ ಕಡೆಗೆ ನೇರವಾಗಿ ಹೋಗಲಾಗುವುದಿಲ್ಲ. ಓರೆಯಾಗಿ ಆ ಕಡೆ ಒಂದಷ್ಟು, ಈ ಕಡೆ ಒಂದಷ್ಟು ಹೋಗಿ ತಲುಪಬೇಕು. ಇದರಿಂದ ಬದುಕಿನ ಪಾಠ ಯಾವುದನ್ನೂ ಹೆಕ್ಕಿ ಕೊಡುವ ಆಸೆ ನನಗಿಲ್ಲ. ಅದು ಗಾಳಿಯ ವಿಷಯ, ಅಷ್ಟೇ.

ನಾನು ಹತ್ತಿರ ಬಂದಾಗಲೆಲ್ಲ ಸರ್ ಮುಖ ನೋಡುತ್ತಿದ್ದೆ, ಸರಿಯೋ ತಪ್ಪೋ ಎಂದು. ಅವರು ಮೋಟಾರು ದೋಣಿಯಿಂದ ಕೂಗುತ್ತಿದ್ದರು: ‘ಅರೇ ಛೋರೀ, ಹವಾ ದೇಖ್! ಮೇರಾ ಮೂಂಹ್ ಕ್ಯಾ ದೇಖ್ ರಹೀ ಹೈ?’ ಹುಡುಗಿ, ಗಾಳಿ ನೋಡು, ನನ್ನ ಮುಖ ಏನು ನೋಡುತ್ತೀ.

ಒಮ್ಮೆ ನೋಡಿದೆ. ಅಂದರೆ, ನೀರಿನ ಮೇಲೆ ಕಪ್ಪನೆಯ ತೇಪೆಯೊಂದು ನಮ್ಮ ಕಡೆ ಜಾರಿ ಬರುತ್ತಿರುವುದು ಕಂಡಿತು, ಅದೇ ಗಾಳಿ. ಹಗ್ಗ ಎಳೆದೆ. ಅಷ್ಟು ಹೊತ್ತು ಪಟಪಟ ಬಡಿದುಕೊಳ್ಳುತ್ತಿದ್ದ ಹಾಯಿ ಸುಮ್ಮನಾಯಿತು, ದೋಣಿಯ ನಡುಕ ನಿಂತಿತು, ಕೆಳಗೆ ನೀರು ಮಾತಾಡತೊಡಗಿತು. ತಂತಿಹಲ್ಲಿನವಳು ಕೂಡ ಬಾಯಿ ಮುಚ್ಚಿದಳು. ಉಳಿದದ್ದರ ಬಗ್ಗೆ ಏನೇ ಅನುಮಾನವಿದ್ದರೂ ಇದು ನಡೆದಿದೆ. ಇದು ತಲೆಯಲ್ಲಿಲ್ಲ, ಹಗ್ಗ ಹಿಡಿದ ಅಂಗೈಯಲ್ಲಿದೆ.

ಆ ದಿನವೇ ವಾಪಸು ಬರುವಾಗ ಸರ್ ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದರು: ದೀಪಾವಳಿ ಆದಮೇಲೆ ದೋಣಿ ಮಗುಚುವ ಪರೀಕ್ಷೆ. ಪ್ರತಿ ಜೋಡಿಯೂ ತಮ್ಮ ದೋಣಿಯನ್ನು ತಾವೇ ಬೇಕೆಂದು ಮಗುಚಿ ನೀರಿಗೆ ಬೀಳಬೇಕು, ಈಜಿ ಸುತ್ತು ಬರಬೇಕು, ದೋಣಿಯ ಅಡಿಯಿಂದ ಚಾಚಿಕೊಂಡಿರುವ ಹಲಗೆಯ ಮೇಲೆ ಹತ್ತಿ ನಿಂತು ಅದನ್ನು ಎತ್ತಿ ನಿಲ್ಲಿಸಬೇಕು. ‘ಜೋ ನಹೀ ಪಲ್ಟೇಗಾ, ವೋ ಬಸ್ ಮೇ ನಹೀ ಚಢೇಗಾ.’ ಮಗುಚದವರಿಗೆ ಬಸ್ಸಿಲ್ಲ. ಎಲ್ಲರೂ ಹೋ ಎಂದು ಕಿರುಚಿದರು. ತಂತಿಹಲ್ಲಿನವಳು ನನ್ನ ಬೆನ್ನಿಗೆ ಗುದ್ದಿ, ‘ನಾನು ಒಂದೇ ಏಟಿಗೆ ಮಗುಚ್ತೀನಿ ನೋಡು’ ಎಂದು ಹಿಂದಿಯಲ್ಲಿ ಅಂದಳು. ನಾನೂ ಕಿರುಚಿರಬೇಕು.

ದೀಪಾವಳಿ ಆಯಿತು. ಮಾರನೆಯ ದಿನದಿಂದ ಹೊಗೆ. ಎದುರಿನ ಬ್ಲಾಕು ಕಾಣದಂಥ, ಬಾಯಲ್ಲಿ ಕಬ್ಬಿಣದ ರುಚಿ ಬಿಡುವ ಹೊಗೆ. ಶಾಲೆಗಳಿಗೆ ರಜೆ ಕೊಟ್ಟರು, ಮತ್ತೆ ಮುಂದುವರಿಸಿದರು. ಊರೆಲ್ಲ ಕೆಮ್ಮುತ್ತಿದ್ದಾಗ ಅದು ಹೀಗೇ ಇರಲಿ ಎಂದು ಬೇಡಿಕೊಂಡ ಹುಡುಗಿ ದೆಹಲಿಯಲ್ಲಿ ನಾನೊಬ್ಬಳೇ ಇದ್ದಿರಬೇಕು. ಅಪ್ಪ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕಚೇರಿಗೆ ಹೋದಮೇಲೆ, ಕಿಟಕಿ ಮುಚ್ಚಿದ ಮನೆಯಲ್ಲಿ ಸಂಜೆಯವರೆಗೆ ನಾನೊಬ್ಬಳೇ. ಬಚ್ಚಲಿನ ಬಕೆಟ್ಟು ತುಂಬಿಸಿ, ಮುಖ ಮುಳುಗಿಸಿ ಉಸಿರು ಹಿಡಿದು ಎಣಿಸುತ್ತಿದ್ದೆ. ಹದಿನೆಂಟರ ಮೇಲೆ ಹೋಗಲಿಲ್ಲ. ಮೇಲೆ ಎದ್ದಾಗ ನಲ್ಲಿಯ ತೊಟ್ಟಿಕ್ಕುವ ಸದ್ದು ಬಿಟ್ಟರೆ ಮನೆಯಲ್ಲಿ ಮತ್ತೇನೂ ಇರುತ್ತಿರಲಿಲ್ಲ.

ಸಂಜೆ ಅಮ್ಮ ವಿಡಿಯೋ ಕಾಲ್ ಮಾಡುತ್ತಿದ್ದಳು. ‘ನೀರಿಗೆ ಇಳಿಸಲ್ಲ ತಾನೇ?’

‘ಇಲ್ಲಮ್ಮ. ದೋಣಿಯೊಳಗೆ ಕೂತಿರ್ತೀವಿ.’

‘ನಿಮ್ಮಪ್ಪ ಎಲ್ಲಿ? ಕೊಡು.’

ಅಪ್ಪ ಫೋನು ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡರು. ಏನು ಮಾತಾಡಿದರೋ. ಗಾಜಿನಾಚೆ ಅವರ ಬೆನ್ನು, ಅದರಾಚೆ ಹೊಗೆ.

ಗಾಳಿ ಬೀಸಿ ಹೊಗೆ ಚದುರಿತು. ಶುಕ್ರವಾರ ಸಂಜೆ ಶಾಲೆಯಿಂದ ಮೆಸೇಜು ಬಂತು: ನಾಳೆ ಸೇಲಿಂಗ್ ಇದೆ, ಒಂದು ಜೊತೆ ಬಟ್ಟೆ, ಟವೆಲ್ಲು ಹೆಚ್ಚಿಗೆ ಕಳಿಸಿ. ಅಪ್ಪ ಟವೆಲ್ಲು ಮಡಿಸಿ ಚೀಲಕ್ಕಿಟ್ಟರು.

ಇಲ್ಲಿಂದ ಮುಂದೆ ನಿಧಾನವಾಗಿ ಬರೆಯಬೇಕು.

ಎರಡೆರಡು ಜನರನ್ನು ಕರೆದು ನೀರಿಗೆ ಕಳಿಸುತ್ತಿದ್ದರು. ನಮ್ಮದು ಐದನೆಯ ದೋಣಿ. ಮೊದಲ ದೋಣಿ ಮಗುಚಿತು, ಇಬ್ಬರೂ ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿ ಬೆಂಡಿನ ಹಾಗೆ ಮೇಲೆ ಬಂದರು. ಎರಡನೆಯದೂ ಹಾಗೆಯೇ. ಜಾಕೆಟ್ಟು ಯಾರನ್ನೂ ಮುಳುಗಲು ಬಿಡುವುದಿಲ್ಲ ಎಂದು ಕಣ್ಣಾರೆ ಕಂಡೆ. ಆದರೆ ನೀರಿಗೆ ಬಿದ್ದ ಕ್ಷಣವೇ ಎಲ್ಲರಿಗೂ ಗೊತ್ತಾಗುತ್ತದೆ. ಮುಳುಗುವುದಕ್ಕಿಂತ ಅದಕ್ಕೆ ಹೆದರಿದ್ದೆ: ಸುಳ್ಳಿ ಎಂದು ಗೊತ್ತಾದರೆ ಸೋಮವಾರದಿಂದ ಮತ್ತೆ ಅದೇ ಬೆಂಚು.

ಮೂರನೆಯ ಜೋಡಿ ಇಳಿದಾಗ ವಾಶ್‌ರೂಮಿಗೆ ಹೋಗಿ ಬರುತ್ತೇನೆ ಎಂದು ತಂತಿಹಲ್ಲಿನವಳಿಗೆ ಹೇಳಿದೆ. ‘ಜಲ್ದೀ ಆ’ ಅಂದಳು. ಜಾಕೆಟ್ಟನ್ನು ಬಿಚ್ಚಿ ಉಳಿದ ಜಾಕೆಟ್ಟುಗಳ ರಾಶಿಗೆ ಹಾಕಿದೆ. ಬೂಟು ಸಾಲಿನಲ್ಲೇ ಇತ್ತು. ಬರಿಗಾಲಲ್ಲಿ ಏರಿಯ ಹಿಂದಿನ ತಗಡಿನ ಶೌಚಾಲಯದವರೆಗೆ ಹೋದೆ, ಅಲ್ಲಿ ನಿಲ್ಲಲಿಲ್ಲ, ಗುಡ್ಡದ ಮೇಲಿನ ಕೀಕರ್ ಪೊದೆಗಳ ಒಳಗೆ ಹೋಗಿ ಕೂತೆ. ಅಲ್ಲಿನವರು ಕೀಕರ್ ಅನ್ನುವುದು ನಮ್ಮ ಬಳ್ಳಾರಿ ಜಾಲಿ. ಊರಿನ ಗಿಡ ಎಂದು ಗುರುತು ಹಿಡಿದದ್ದು ಅದೊಂದನ್ನೇ. ಅದು ಮುಳ್ಳನ್ನು ಹಿಮ್ಮಡಿಗೆ ಇಳಿಸಿತು. ಎಡಗಾಲು ಎಂದು ನನ್ನ ನೆನಪು. ಕಲೆ ಇರುವುದು ಬಲಗಾಲಲ್ಲಿ.

ಎಲ್ಲರದೂ ಮುಗಿಯಲಿ, ಸಾಲು ಕಲಸಿಹೋಗಲಿ, ಆಮೇಲೆ ಸದ್ದಿಲ್ಲದೆ ಸೇರಿಕೊಂಡರಾಯಿತು ಎಂಬುದು ನನ್ನ ಯೋಚನೆ. ನಮ್ಮ ಸರದಿ ಬಂದಾಗ ಅವಳು ಅತ್ತಿತ್ತ ನೋಡಿದಳು; ಹಿಂದಿನ ಜೋಡಿಯ ಒಬ್ಬಳು ಅವಳ ಜೊತೆ ಹತ್ತಿದಳು. ಒಂದೇ ಏಟಿಗೆ ಮಗುಚಿದಳು. ಚಪ್ಪಾಳೆ ಕೇಳಿಸಿತು. ಆಮೇಲೆ ಎಲ್ಲರೂ ಮೇಲೆ ಬಂದರು, ಒರೆಸಿಕೊಂಡರು, ಬೂಟು ಹಾಕಿಕೊಂಡರು. ಸರ್ ಸೀಟಿ ಊದಿದರು.

ದಂಡೆಯಲ್ಲಿ ಒಂದು ಜೊತೆ ಬೂಟು ಉಳಿದಿತ್ತು.

ಅವರು ಜಾಕೆಟ್ಟುಗಳನ್ನು ಎಣಿಸಿದರು. ಎಲ್ಲ ಇದ್ದವು. ಅದು ಎಷ್ಟು ಕೆಟ್ಟ ಲೆಕ್ಕ ಎಂದು ನನಗೆ ಆಗ ಹೊಳೆಯಲಿಲ್ಲ. ಬೂಟಿನ ಪ್ರಕಾರ ಒಂದು ಮಗು ನೀರಿನಲ್ಲಿದೆ. ಜಾಕೆಟ್ಟಿನ ಪ್ರಕಾರ ಅದರ ಮೈಮೇಲೆ ಜಾಕೆಟ್ಟಿಲ್ಲ. ಯಾರೋ ಶೌಚಾಲಯಕ್ಕೆ ಓಡಿ ಬಂದು, ಬಾಗಿಲು ಬಡಿದು, ಖಾಲಿ ಎಂದು ಕೂಗಿದರು. ಸರ್ ಷರ್ಟು ಹಾಕಿಕೊಂಡೇ ನೀರಿಗೆ ಹಾರಿದರು. ಮುಳುಗಿದರು, ಎದ್ದರು, ಮತ್ತೆ ಮುಳುಗಿದರು. ಬಸ್ಸಿನ ಡ್ರೈವರ್ ಭಯ್ಯಾ ಎಲ್ಲಿಂದಲೋ ಬಿದಿರಿನ ಗಳ ತಂದು ದಡದುದ್ದಕ್ಕೂ ಚುಚ್ಚತೊಡಗಿದ. ನಮ್ಮ ಜೊತೆ ಬಂದಿದ್ದ ಮೇಡಂ ಫೋನನ್ನು ಕಿವಿಗಿಟ್ಟುಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದರು, ಯಾರಿಗೆ ಮಾಡಿದರೋ.

ತಂತಿಹಲ್ಲಿನವಳು ಮೊಣಕಾಲಿನವರೆಗೆ ನೀರಿಗೆ ಹೋಗಿ ನನ್ನ ಹೆಸರು ಹಿಡಿದು ಕೂಗಿದಳು. ಬೂಟಿನ ಒಳಗೆ ಅಪ್ಪ ಬರೆದಿದ್ದ ಹೆಸರನ್ನು ಓದಿದಳೋ, ಮೇಡಂ ಬಾಯಿಂದ ಕೇಳಿದಳೋ. ಒಂದು ಅಕ್ಷರ ಎಳೆಯಬೇಕಾದ ಕಡೆ ಮೊಟಕು ಮಾಡಿ, ಮೊಟಕು ಮಾಡಬೇಕಾದ ಕಡೆ ಎಳೆದು, ಮತ್ತೆ ಮತ್ತೆ. ಆಮೇಲೆ ಉಳಿದವರೂ ಕೂಗಿದರು. ದೆಹಲಿಗೆ ಬಂದಮೇಲೆ ಮೊದಲ ಸಲ ಅಷ್ಟು ಜನರ ಬಾಯಲ್ಲಿ ನನ್ನ ಹೆಸರು ಕೇಳಿದೆ.

ಇದು ತೀರಾ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಅದಕ್ಕೇ ನನಗೆ ಅನುಮಾನ. ಅವರು ಕೂಗಿದ್ದು ನಿಜ. ಅದು ಹಿತವಾಗಿ ಕೇಳಿಸಿತು, ಅದಕ್ಕೇ ಏಳಲಿಲ್ಲ ಎನ್ನುವುದನ್ನು ಮಾತ್ರ ನಾನು ಆಮೇಲೆ ಯಾವಾಗಲೋ ಸೇರಿಸಿಕೊಂಡಿರಬಹುದು. ಕಾಲಲ್ಲಿ ಮುಳ್ಳಿತ್ತು, ಅದಕ್ಕೂ ಏಳದೆ ಇದ್ದಿರಬಹುದು. ಬೈಗುಳದ ಭಯ ಇದ್ದಿರಬಹುದು. ಮಂಡಿಯನ್ನು ಅಪ್ಪಿಕೊಂಡು, ನನ್ನನ್ನು ಹುಡುಕುವವರನ್ನು ನೋಡುತ್ತ ಕೂತಿದ್ದೆ.

ಹೇಗೆ ಇಳಿದುಬಂದೆ ಎಂಬುದಕ್ಕೆ ನನ್ನ ಬಳಿ ಎರಡು ಚಿತ್ರಗಳಿವೆ. ಒಂದರಲ್ಲಿ ನಾನೇ ಕುಂಟುತ್ತ ನಡೆದು ಬರುತ್ತೇನೆ. ಇನ್ನೊಂದರಲ್ಲಿ ಡ್ರೈವರ್ ಭಯ್ಯಾ ನನ್ನ ಮೊಣಕೈ ಹಿಡಿದು, ‘ಮಿಲ್ ಗಯೀ! ಮಿಲ್ ಗಯೀ!’, ಸಿಕ್ಕಳು ಸಿಕ್ಕಳು ಎಂದು ಕೂಗುತ್ತ ಎಳೆದು ತರುತ್ತಾನೆ. ಆ ಕೂಗು ಇಷ್ಟು ಸ್ಪಷ್ಟವಾಗಿ ಕಿವಿಯಲ್ಲಿರುವುದರಿಂದ ಎರಡನೆಯದೇ ಸರಿ ಇರಬೇಕು. ನನಗೆ ಮೊದಲನೆಯದು ಬೇಕು.

ಸರ್ ಎದೆಮಟ್ಟದ ನೀರಿನಿಂದ ಎದ್ದು ಬಂದರು. ಹೊಡೆಯುತ್ತಾರೆ ಅಂದುಕೊಂಡೆ. ಅವರ ಹಲ್ಲು ಕಟಕಟ ಅನ್ನುತ್ತಿತ್ತು. ನನ್ನ ಕಾಲು ನೋಡಿ, ‘ಜೂತೇ ಪೆಹೆನ್’ ಅಂದರು. ಬೂಟು ಹಾಕಿಕೊಳ್ಳಲು ಆಗಲಿಲ್ಲ. ಅವರು ಕೆಸರಿನಲ್ಲೇ ಕುಕ್ಕರಗಾಲಿನಲ್ಲಿ ಕೂತು, ನನ್ನ ಹಿಮ್ಮಡಿಯನ್ನು ಮಂಡಿಯ ಮೇಲಿಟ್ಟುಕೊಂಡು, ಮೇಡಂ ಕೊಟ್ಟ ಪಿನ್ನಿನಿಂದ ಮುಳ್ಳು ತೆಗೆದರು. ಅವರ ತಲೆಯ ನೀರು ನನ್ನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

‘ತೈರ್ನಾ ನಹೀ ಆತಾ’ ಅಂದರು. ಈಜು ಬರುವುದಿಲ್ಲ. ಪ್ರಶ್ನೆಯಲ್ಲ.

ನಾನು ತಲೆ ತಗ್ಗಿಸಿದೆ.

‘ಪತಾ ಥಾ, ಛೋರೀ.’ ಗೊತ್ತಿತ್ತು.

ಹೇಗೆ ಗೊತ್ತಿತ್ತು ಎಂದು ಕೇಳಲಿಲ್ಲ. ಅಷ್ಟರಲ್ಲಿ ತಂತಿಹಲ್ಲಿನವಳು ಬಂದು ನನ್ನ ಬೆನ್ನಿಗೆ ಎರಡೂ ಕೈಯಿಂದ ಬಡಿದಳು. ‘ಪಾಗಲ್ ಹೈ ಕ್ಯಾ? ನೀರೊಳಗೆಲ್ಲ ಕೈ ಹಾಕಿ ಹಾಕಿ ಹುಡುಕಿದೆ ನಿನ್ನ!’ ಇದನ್ನೂ ಹಿಂದಿಯಲ್ಲೇ ಅಂದಿರಬೇಕು. ನನಗೆ ನೆನಪಿರುವುದು ಕನ್ನಡದಲ್ಲಿ. ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಬೇರೆಯವರ ಜೊತೆ ಕೂತಳು. ಸೋಮವಾರ ಕಾರಿಡಾರಿನಲ್ಲಿ ಎದುರಾದಾಗ ಮದ್ರಾಸಿ ಎಂದೂ ಕರೆಯಲಿಲ್ಲ. ಮುಂದಿನ ಶನಿವಾರದಿಂದ ನನಗೆ ಲೈಬ್ರರಿ.

ಆ ಸಂಜೆ ಅಪ್ಪ ಚೀಲ ಬಿಚ್ಚಿ ಬಟ್ಟೆ ತೆಗೆದರು.

‘ಹೇಗಾಯ್ತು?’

‘ಆಯ್ತು.’

‘ಟವೆಲ್ಲು ಒಣಗೇ ಇದೆಯಲ್ಲ.’

‘ಬಿಸಿಲಿತ್ತು.’

‘ಅಚ್ಛಾ.’ ಟವೆಲ್ಲನ್ನು ಮತ್ತೆ ಮಡಿಸಿ ಕಪಾಟಿನಲ್ಲಿಟ್ಟರು.

ಈಗ ನಾನು ಗುರುಗ್ರಾಮದಲ್ಲಿ ಕೆಲಸ ಮಾಡುತ್ತೇನೆ. ನಾನಿರುವ ಕಟ್ಟಡದ ಕೆಳಗೆ ಈಜುಕೊಳವಿದೆ. ಹದಿನೇಳನೆಯ ಮಹಡಿಯಿಂದ ನೀಲಿ ಮಾತ್ರೆಯಷ್ಟು ಕಾಣುತ್ತದೆ. ಇಳಿದಿಲ್ಲ. ಹೋದ ವರ್ಷ ಅಪ್ಪ ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟುಕೊಟ್ಟು ಅಮ್ಮನ ಜೊತೆ ತುಮಕೂರಿಗೆ ಹೋದರು. ನನ್ನ ಹೆಸರಿನ ಕಡತವನ್ನು ನನಗೇ ಕೊಟ್ಟುಹೋದರು: ಲಸಿಕೆ ಚೀಟಿ, ಅಂಕಪಟ್ಟಿ, ಎಲ್ಲದರ ಜೆರಾಕ್ಸ್. ನಡುವೆ ಆ ಫಾರ್ಮ್.

ಈಜು ಬರುತ್ತದೆಯೇ ಎಂಬಲ್ಲಿ ಹೌದು, ಇಲ್ಲ ಎಂಬ ಎರಡು ಚೌಕಗಳು. ಅಪ್ಪ ಎರಡರಲ್ಲಿ ಯಾವುದಕ್ಕೂ ಗುರುತು ಹಾಕಿರಲಿಲ್ಲ. ಪಕ್ಕದ ಅಂಚಿನಲ್ಲಿ, ಕಚೇರಿಯ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ಮಗುವಿಗೆ ಸದಾ ಲೈಫ್ ಜಾಕೆಟ್ ತೊಡಿಸಿರುವುದನ್ನು ದಯವಿಟ್ಟು ಖಚಿತಪಡಿಸಿಕೊಳ್ಳತಕ್ಕದ್ದು. ಕೆಳಗೆ ಸಹಿ.

ಫೋನು ಮಾಡಿದೆ.

‘ಯಾವ ಫಾರ್ಮು?’ ಅಂದರು ಅಪ್ಪ.

ಓದಿ ಹೇಳಿದೆ.

‘ಎಲ್ಲ ಫಾರ್ಮಿಗೂ ಏನಾದ್ರೂ ಒಂದು ರಿಮಾರ್ಕ್ ಬರೀತಿದ್ದೆನಮ್ಮ. ಖಾಲಿ ಜಾಗ ಬಿಡಬಾರದು.’

‘ಟಿಕ್ಕೇ ಹಾಕಿಲ್ಲ ನೀವು.’

‘ಹೌದಾ?’

‘ನಂಗೆ ಈಜು ಬರಲ್ಲ ಅಂತ ನಿಮಗೆ ಗೊತ್ತಿತ್ತಾ?’

ಆ ಕಡೆ ಕುಕ್ಕರು ಕೂಗಿತು. ಅಮ್ಮ ಏನೋ ಅಂದಳು. ಅಪ್ಪ ಬಾಗಿಲೆಳೆದುಕೊಂಡ ಸದ್ದು.

‘ಈಗ ಬರುತ್ತಾ?’

‘ಇಲ್ಲ.’

‘ಅಚ್ಛಾ’ ಅಂದರು.

ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಸರ್‌ಗೆ ಗೊತ್ತಾದದ್ದು ಆ ಟಿಪ್ಪಣಿಯಿಂದಲೋ, ನಾನು ದೋಣಿಯ ಅಂಚನ್ನು ಹಿಡಿದುಕೊಳ್ಳುತ್ತಿದ್ದ ರೀತಿಯಿಂದಲೋ, ಅದೂ ಗೊತ್ತಿಲ್ಲ. ಜಾಲಿಯ ಕೆಳಗೆ ಎಷ್ಟು ಹೊತ್ತು ಕೂತಿದ್ದೆ ಎಂಬುದು ಗೊತ್ತಿಲ್ಲ. ಅವರು ಕೂಗುವುದನ್ನು ನಿಲ್ಲಿಸಿಬಿಟ್ಟಿದ್ದರೆ ನಾನಾಗಿ ಎದ್ದು ಹೋಗುತ್ತಿದ್ದೆನೇ ಎಂಬುದು ಕೂಡ.